ಇಳಕಲ್ಲಿನ ಮಾಡ, ನನ್ನ ಹೆಸರು

ಇಳಕಲ್ಲಿಗೆ ಬಂದ ಎರಡನೆಯ ಬೆಳಿಗ್ಗೆ ಬಾಗಿಲು ತೆಗೆದರೆ ಹೊರಗೆ ಓಣಿಯೇ ಇರಲಿಲ್ಲ. ಈ ತುದಿಯಿಂದ ಆ ತುದಿಯವರೆಗೆ ಸೊಂಟದೆತ್ತರಕ್ಕೆ ನೂರಾರು ನೂಲಿನೆಳೆಗಳನ್ನು ಬಿಗಿದು ಕಟ್ಟಿದ್ದರು. ನನಗೋ ಶಾಲೆಗೆ ಹೊತ್ತಾಗಿತ್ತು. "ಮುಟ್ಟಬ್ಯಾಡ್ರಿ ಅಕ್ಕೋರ, ಗಂಜಿ ಹಸಿ ಐತಿ. ಬಗ್ಗಿ ದಾಟ್ರಿ," ಎಂದಳು ಎದುರುಮನೆಯ ಶರಣವ್ವ. ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಇಲ್ಲಿ ಅಕ್ಕೋರು ಅನ್ನುತ್ತಾರೆ. ಇಸ್ತ್ರಿ ಸೀರೆ ಉಟ್ಟ ವಿಜ್ಞಾನದ ಅಕ್ಕೋರು ಅಂಬೆಗಾಲಿಕ್ಕಿ ಬೀದಿ ದಾಟಿದ್ದನ್ನು ಓಣಿಯೆಲ್ಲ ನೋಡಿತು.

ಕುಂದಾಪುರದ ಕಡೆ ನಾವು ಗಂಜಿ ಉಣ್ಣುತ್ತೇವೆ. ಇಲ್ಲಿ ನೂಲಿಗೂ ಉಣಿಸುತ್ತಾರೆ. ಸೀರೆಯ ಉದ್ದದ ಎಳೆಗಳಿಗೆ ಹಾಸು ಎಂದು ಹೆಸರು. ಮಗ್ಗಕ್ಕೆ ಏರಿಸುವ ಮುಂಚೆ ಅವಕ್ಕೆ ಗಂಜಿ ಹಚ್ಚಿ ಬಿಸಿಲಲ್ಲಿ ಒಣಗಿಸಬೇಕು. ಆ ಹೊತ್ತಿನಲ್ಲಿ ತುಂತುರು ಬಿದ್ದರೆ ಎಳೆಗೆ ಎಳೆ ಅಂಟಿ ಹಾಸು ಕೆಡುತ್ತದೆ. ನಮ್ಮಲ್ಲಿ ಮಳೆ ನಾಲ್ಕು ತಿಂಗಳು ಹುಚ್ಚೆದ್ದು ಸುರಿದು ಹೋದ ಮೇಲೆ ಚಳಿಗಾಲದಲ್ಲಿ ಯಾರೂ ಆಕಾಶ ನೋಡುವುದಿಲ್ಲ. ಇಲ್ಲಿ ಚಳಿಗಾಲದಲ್ಲೂ ಎಲ್ಲರ ಕತ್ತು ಮೇಲಕ್ಕೇ ಇರುತ್ತದೆ.

ಒಂದು ದಿನ ಶರಣವ್ವ, "ಅಕ್ಕೋರ, ಮಾಡ ಆಗೇತಿ ನೋಡ್ರಿ," ಎಂದಳು. ನಮ್ಮ ಕಡೆ ಮಾಡು ಎಂದರೆ ಮನೆಯ ಛಾವಣಿ. ನಾನು ಗಾಬರಿಯಿಂದ ತಲೆಯೆತ್ತಿ, "ಎಲ್ಲಿ, ಸೋರ್ತಾ ಇದೆಯಾ?" ಎಂದೆ. ಅವಳು ನಕ್ಕೂ ನಕ್ಕೂ ಕಟ್ಟೆಯ ಮೇಲೆ ಕುಸಿದು ಕೂತಳು. ಇಲ್ಲಿ ಮಾಡ ಎಂದರೆ ಮೋಡ. ಆವತ್ತಿನಿಂದ ಅವಳಿಗೆ ನಾನು 'ನೀ' ಆದೆ. ಬಿಸಿ ರೊಟ್ಟಿ ತಟ್ಟಿದ ದಿನ, "ಬಾ, ಉಣ್ಣು," ಎಂದು ಕೂಗುತ್ತಿದ್ದಳು. ಮನೆ ಬಿಟ್ಟು ಬಂದ ಮೇಲೆ ಹಾಗೆ ಕೂಗಿದವರು ಅವಳೊಬ್ಬಳೇ.

ನಾನು ಪುಸ್ತಕದ ಹೆಸರುಗಳನ್ನು ಹೇಳಿದೆ: ಹಿಮಕಣ ಮೋಡ, ಪದರ ಮೋಡ, ರಾಶಿ ಮೋಡ. ಅವಳು ತನಗೆ ಗೊತ್ತಿದ್ದದ್ದನ್ನು ತೋರಿಸಿಕೊಟ್ಟಳು. ಬಲು ಎತ್ತರದಲ್ಲಿ ಹಿಂಜಿದ ಅರಳೆಯಂಥದ್ದು ಹರಡಿ ಸೂರ್ಯನ ಸುತ್ತ ಬಳೆ ಕಂಡರೆ ಎರಡು ದಿನ ಹಾಸು ಹೊರಗೆ ತೆಗೆಯಬಾರದು. ಮಧ್ಯಾಹ್ನ ಹೂಕೋಸಿನಂತೆ ಉಬ್ಬಿ ಸಂಜೆಗೆ ಕರಗುವಂಥದ್ದು ಬರೀ ಸೋಗು. ಬೆಳಿಗ್ಗೆಯೇ ಕಂಬಳಿ ಹೊದಿಸಿದಂತೆ ಕೆಳಗಿಳಿದು ಕೂತದ್ದು ತುಂತುರು ಉದುರಿಸದೆ ಹೋಗುವುದಿಲ್ಲ.

ಇದನ್ನೆಲ್ಲ ನಾನು ಓಣಿಯ ವಾಟ್ಸಾಪ್ ಗುಂಪಿನಲ್ಲಿ ಪ್ರತಿ ಭಾನುವಾರ ಬರೆಯತೊಡಗಿದೆ: ಈ ವಾರದ ಹವಾಮಾನ, ಕೆಳಗೆ ನನ್ನ ಹೆಸರು. ಹೇಳಿದ್ದು ನಿಜವಾಗುತ್ತ ಹೋಯಿತು. "ನಮ್ಮ ಅಕ್ಕೋರು ಭಾಳ ಶಾಣ್ಯಾರು," ಎಂದರು ಓಣಿಯವರು. ಆ 'ನಮ್ಮ'ಕ್ಕೆ ನಾನು ಉಬ್ಬಿಹೋದೆ. ಆಮೇಲೆ ಫೋನಿನ ಮುನ್ಸೂಚನೆಯನ್ನೇ ನೋಡಿ ಬರೆಯತೊಡಗಿದೆ. ಶರಣವ್ವನ ಕಟ್ಟೆಗೆ ಹೋಗುವುದೂ ಮೇಲೆ ನೋಡುವುದೂ ನಿಂತಿತು.

ಕಳೆದ ಚಳಿಗಾಲದ ಒಂದು ವಾರ 'ಪೂರ್ತಿ ಬಿಸಿಲು' ಎಂದು ಬರೆದೆ. ಅದನ್ನು ನಂಬಿ ಬುಧವಾರ ಪಕ್ಕದ ಮನೆಯ ರಶೀದಾಬಿ ಹಾಸು ಹಾಕಿದಳು. ಮಗಳ ಮದುವೆಗೆಂದು ತಾನೇ ನೇಯಲಿದ್ದ ಸೀರೆಯದು. ಹತ್ತು ಗಂಟೆಗೆ ಮೋಡ ಕವಿದು ತುಂತುರು ಶುರುವಾಯಿತು. ನಾನು ಶಾಲೆಯಿಂದ ಬರುವಷ್ಟರಲ್ಲಿ ಅವಳು ಅಂಟಿಕೊಂಡ ಎಳೆಗಳನ್ನು ಕೊಯ್ದು ತೆಗೆಯುತ್ತಿದ್ದಳು. "ನಿಮ್ಮ ಮಾತು ನಂಬಿದ್ದೆರಿ," ಎಂದಳು, ಅಷ್ಟೆ. ಹಿಂದಿನಿಂದ ಯಾರೋ, "ಸಮುದ್ರದ ಕಡಿಯಾಕಿಗೆ ನಮ್ಮ ಮಾಡ ಏನ ತಿಳೀತೈತಿ," ಎಂದದ್ದೂ ಕೇಳಿಸಿತು.

ಆಗಲೇ ಗಮನಿಸಿದ್ದು: ಅದೇ ಬುಧವಾರ ಹಾಕಬೇಕಿದ್ದ ಶರಣವ್ವನ ಹಾಸು ಒಳಗೇ ಇತ್ತು, ಗಂಜಿ ಸೋಕದ ಒಣ ಸುರುಳಿಯಾಗಿ.

"ನಿನ್ನೆ ಸೂರ್ಯನ ಸುತ್ತ ಬಳೆ ಕಂಡಿತ್ತಾ?" ಎಂದು ಕೇಳಿದೆ.

"ಕಂಡಿತ್ರಿ."

"ಮತ್ತೆ ನನಗ್ಯಾಕೆ ಹೇಳಲಿಲ್ಲ?"

"ನೀವ್ ಕೇಳಲಿಲ್ರಿ. ಮೊದಲ ಎಲ್ಲಾರೂ ಈ ಕಟ್ಟಿಗೆ ಬಂದು ಕೇಳತಿದ್ರು, ಯವ್ವಾ, ಇವತ್ತ ಹಾಸು ಹಾಕಲೇನು ಅಂತ. ಈಗ ಫೋನ್ ನೋಡ್ತಾರ. ನೀವ್ ಬರದದ್ದು ಮೊಮ್ಮಗಳು ಓದಿ ಹೇಳಿದ್ಲು. ಮಾತು ನಂದು, ಹೆಸರು ನಿಮ್ದು."

"ರಶೀದಾಬಿ ಏನು ತಪ್ಪು ಮಾಡಿದ್ದಳು?"

ಅದಕ್ಕೆ ಅವಳ ಮುಖ ಬಾಡಿತು. "ಅದಕ್ಕ ನನಗೂ ಕೆಟ್ಟ ಅನಿಸೇತ್ರಿ," ಎಂದು ಒಳಗೆ ಹೋದಳು.

ಅವಳು ನನಗೆ ಮೋಸ ಮಾಡಿದಳು. ಒಂದು ಮಾತು ಸಾಕಿತ್ತು, ಹೇಳಲಿಲ್ಲ. ಇದನ್ನು ಬರೆಯುವಾಗಲೂ ಹೊಟ್ಟೆ ಉರಿಯುತ್ತದೆ. ಮೊದಲು ಮೋಸ ಮಾಡಿದವಳು ನಾನು ಎನ್ನುವುದೂ ಗೊತ್ತು, ಅದರಿಂದ ಉರಿ ಕಡಿಮೆಯಾಗಿಲ್ಲ. ಮುಂದಿನ ಭಾನುವಾರ ಗುಂಪಿನಲ್ಲಿ 'ಮೋಡದ ವಿಷಯ ಶರಣವ್ವನನ್ನು ಕೇಳಿ, ನನಗೆ ಕಲಿಸಿದವಳು ಅವಳೇ' ಎಂದು ಬರೆದೆ. ಜನ ಈಗ ಮತ್ತೆ ಕಟ್ಟೆಗೆ ಹೋಗುತ್ತಾರೆ. ರಶೀದಾಬಿಯೂ ಹೋಗುತ್ತಾಳೆ. ನಾನು ಹಾದುಹೋದರೆ ಶರಣವ್ವ ನಗುತ್ತಲೇ, "ಊಟಾ ಆತೇನ್ರಿ ಅಕ್ಕೋರ?" ಎಂದು ಕೇಳುತ್ತಾಳೆ.

ಅಮ್ಮನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. "ವರ್ಗ ಮಾಡ್ಸ್‌ಕಂಡ್ ಬಂದ್ಬಿಡ್ ಮಗಾ, ಅಲ್ಲಿ ನಿಂಗೆ ಯಾರಿದ್ರ್?" ಎಂದಳು. ಯಾರೂ ಇಲ್ಲ, ನಿಜ. ಆದರೂ ಬರುವುದಿಲ್ಲ ಎಂದೆ. ಎದುರುಮನೆಯಾಕೆ ಇನ್ನೊಂದು ಸಲ ನನಗೆ 'ನೀ' ಅನ್ನಬೇಕು.