ಹೊತ್ತಿಕೊಳ್ಳದ ಎರಡನೆಯ ಕೆಂಪು ದೀಪದ ಕುರಿತು

ಮಾನ್ಯ ಓದುಗರೇ,

ನನ್ನ ಕೈಬರಹ ಅಂದವಾಗಿಲ್ಲ. ಒತ್ತಕ್ಷರಗಳಲ್ಲಿ, ಮಹಾಪ್ರಾಣಗಳಲ್ಲಿ ಶಾಲೆಯಲ್ಲಿದ್ದಾಗಲೇ ಎಡವುತ್ತಿದ್ದೆ. ಈಗ ಬೆರಳೂ ಸ್ವಲ್ಪ ನಡುಗುತ್ತದೆ. ಅಕ್ಷರ ಬಿಡಿಸಲು ಅಚ್ಚಿನ ಮನೆಯವರಿಗೆ ಆಗುವ ತೊಂದರೆಗೆ, ಓದುವವರಿಗೆ ಆಗುವ ಬೇಸರಕ್ಕೆ ಮೊದಲೇ ಕ್ಷಮೆ ಕೋರುತ್ತೇನೆ. ಪತ್ರಗಳನ್ನು ಬಿಟ್ಟು ಬೇರೇನನ್ನೂ ನಾನು ಬರೆದವನಲ್ಲ. ಆದ್ದರಿಂದ ಇದೂ ಪತ್ರದ ಧಾಟಿಯಲ್ಲಿಯೇ ಇರುತ್ತದೆ.

ನಾನು ಭದ್ರಾವತಿಯ ಒಂದು ಕಾರ್ಖಾನೆಯ ವಿದ್ಯುತ್ ವಿಭಾಗದಲ್ಲಿದ್ದು ನಿವೃತ್ತನಾದವನು. ಪ್ರಸ್ತುತ ಶಿವಮೊಗ್ಗದ ವಿನೋಬನಗರದಲ್ಲಿ ಹೆಂಡತಿಯೊಂದಿಗೆ ವಾಸವಾಗಿದ್ದೇನೆ. ಎರಡೂ ಊರುಗಳ ಸ್ಕೂಟರ್, ಬೈಕ್ ಮೆಕ್ಯಾನಿಕ್‌ಗಳು ಕಟ್ಟಿಕೊಂಡಿರುವ ಸಂಘಕ್ಕೆ ಬೇಕಾದ ಅರ್ಜಿ, ಮನವಿ, ವರದಿಗಳನ್ನು ಬರೆದುಕೊಡುವುದು ನನ್ನ ಕೆಲಸ. ಸಂಘದ ಸ್ಮರಣ ಸಂಚಿಕೆಗೆ "ಏನಾದ್ರೂ ಸವಿನೆನಪು ಬರ್ಕೊಡಿ ಸಾರ್, ಒಂದೆರಡು ಪುಟ" ಎಂದು ಅಧ್ಯಕ್ಷರು ಕೇಳಿದರು. ಒಪ್ಪಿಕೊಂಡು ಬಂದು ಕುಳಿತಾಗ ನೆನಪಾದದ್ದು ಸವಿಯಾದುದಲ್ಲ. ಅದನ್ನು ಬಿಟ್ಟು ಬೇರೆ ಬರೆಯಲು ನಾಲ್ಕು ದಿನ ಪ್ರಯತ್ನಪಟ್ಟೆ, ಸಾಧ್ಯವಾಗಲಿಲ್ಲ.

ನಮ್ಮ ಸಂಘ ವರ್ಷಕ್ಕೊಮ್ಮೆ ಬೇಸಿಗೆಯ ಒಂದು ಭಾನುವಾರ ಓಟದ ಸ್ಪರ್ಧೆ ನಡೆಸುತ್ತದೆ. ಸೋಗಾನೆಯ ಕಡೆ ಹೊಸ ಬಡಾವಣೆಗೆಂದು ಹಾಕಿದ, ಇನ್ನೂ ಮನೆಗಳು ಏಳದ ನೇರವಾದ ರಸ್ತೆಯೊಂದಿದೆ. ಅನುಮತಿ ಪಡೆದು, ಎರಡೂ ತುದಿಗೆ ಹಗ್ಗ ಕಟ್ಟಿ, ನಾಲ್ಕು ನೂರು ಮೀಟರ್ ಅಳೆದು, ಒಂದು ಸಲಕ್ಕೆ ಎರಡು ಗಾಡಿ ಬಿಡುತ್ತೇವೆ. ಹಳೆಯ ಸ್ಕೂಟರ್ ಮತ್ತು ಹೊಸ ಬೈಕ್ ಒಟ್ಟಿಗೆ ಹೊರಟರೆ ಅದು ಸ್ಪರ್ಧೆಯಾಗದು. ಆದಕಾರಣ ಬೆಳಿಗ್ಗೆ ಎಲ್ಲರೂ ಒಬ್ಬೊಬ್ಬರೇ ಓಡಿಸಿ, ತಮ್ಮ ಗಾಡಿಗೆ ಎಷ್ಟು ಸೆಕೆಂಡ್ ಬೇಕೆಂದು ಹೆಡ್‌ಲೈಟಿನ ಮೇಲೆ ಸೀಮೆಸುಣ್ಣದಲ್ಲಿ ಬರೆಯಬೇಕು. ಸ್ಕೂಟರಿಗೆ ಇಪ್ಪತ್ತೆರಡು, ಬೈಕಿಗೆ ಹದಿನೇಳು ಆದರೆ, ಸ್ಕೂಟರಿಗೆ ಐದು ಸೆಕೆಂಡ್ ಮೊದಲು ಹಸಿರು ದೀಪ ಬರುತ್ತದೆ. ಬರೆದುದಕ್ಕಿಂತ ಬೇಗ ಮುಟ್ಟಿದವರು ಸೋತಂತೆ. ಹೀಗಾಗಿ ಯಾರೂ ಸುಳ್ಳು ಬರೆಯುವುದಿಲ್ಲ.

ಹಸಿರಿಗಿಂತ ಮೊದಲೇ ಗಾಡಿ ಬಿಟ್ಟವರಿಗೆ ಕೆಂಪು ದೀಪ ಬೀಳುತ್ತದೆ. ಕೆಂಪು ಬಿದ್ದವರು ಸೋತಂತೆ. ಇಬ್ಬರೂ ತಪ್ಪಿದರೆ? ಅದಕ್ಕೂ ನಿಯಮವಿದೆ: ಇಬ್ಬರೂ ಮತ್ತೊಮ್ಮೆ ಓಡಬೇಕು. ಸದರಿ ನಿಯಮಾವಳಿಯನ್ನು ಬರೆದವನು ನಾನೇ. ದೀಪಗಳ ಪೆಟ್ಟಿಗೆಯನ್ನು ಮಾಡಿದವನೂ ನಾನೇ.

ಈ ಪೆಟ್ಟಿಗೆಯ ವಿಚಾರವನ್ನು ಸ್ವಲ್ಪ ವಿವರಿಸಬೇಕಾಗಿದೆ. ಕಾರ್ಖಾನೆಯಲ್ಲಿದ್ದಾಗ ಕಾಲೋನಿಯ ಶಾಲೆಯ ರಸಪ್ರಶ್ನೆ ಸ್ಪರ್ಧೆಗೆಂದು ನಾನೊಂದು ಪೆಟ್ಟಿಗೆ ಮಾಡಿಕೊಟ್ಟಿದ್ದೆ. ಯಾವ ತಂಡ ಮೊದಲು ಗುಂಡಿ ಒತ್ತುತ್ತದೆಯೋ ಅದರ ದೀಪ ಹತ್ತುತ್ತದೆ, ಆ ಕ್ಷಣದಿಂದ ಉಳಿದ ಗುಂಡಿಗಳು ಕೆಲಸ ಮಾಡುವುದಿಲ್ಲ. ರಸಪ್ರಶ್ನೆಗೆ ಹಾಗೆಯೇ ಇರಬೇಕು. ಆ ಪೆಟ್ಟಿಗೆ ಶಾಲೆಯ ಅಟ್ಟದಲ್ಲಿ ಬಿದ್ದಿತ್ತು. ಅದನ್ನೇ ಕೇಳಿ ತಂದು, ಗುಂಡಿಗಳ ಬದಲು, ಹೊರಡುವ ಗೆರೆಯಲ್ಲಿ ಗಾಡಿಗಳ ಚಕ್ರ ನಿಲ್ಲುವ ಎರಡು ಹಲಗೆಗಳ ಅಡಿಯಲ್ಲಿ ಸ್ವಿಚ್ ಕೂರಿಸಿ, ಮುಂದಿನ ಚಕ್ರ ಹಲಗೆಯಿಂದ ಇಳಿದರೆ ತಿಳಿಯುವಂತೆ ಮಾಡಿದೆ. ಹಳದಿ, ಹಸಿರು ದೀಪಗಳನ್ನು ಹೊಸದಾಗಿ ಹಾಕಿದೆ. ಕೆಂಪು ದೀಪಗಳ ಒಳಗಿನ ವೈರಿಂಗ್ ಮಾತ್ರ ಹಳೆಯದೇ ಉಳಿಯಿತು. ಸಂಘದವರು ಅದಕ್ಕೆ ಹೂವಿನ ಹಾರ ಹಾಕಿದರು. ನನಗೆ ಶಾಲು ಹೊದಿಸಿದರು.

ಎರಡನೆಯ ವರ್ಷ ಆಯುಧಪೂಜೆಯ ಹಿಂದಿನ ದಿನ ಮನೆಯ ಜಗಲಿಯಲ್ಲಿ ಪೆಟ್ಟಿಗೆ ಒರೆಸುತ್ತಿದ್ದೆ. ಬಲ್ಬ್ ಬದಲಿಸಿ, ಸರಿಯಿದೆಯೇ ಎಂದು ನೋಡಲು ಎರಡೂ ಹಲಗೆಗಳನ್ನು ಎರಡು ಕೈಯಿಂದ ಒತ್ತಿ, ಹಸಿರು ಬರುವ ಮುನ್ನ ಒಂದಾದ ಮೇಲೊಂದು ಕೈಬಿಟ್ಟೆ. ಒಂದು ಕೆಂಪು ಹತ್ತಿತು. ಕುಂಕುಮದ ಬಟ್ಟಲು ಹಿಡಿದು ನಿಂತಿದ್ದ ನನ್ನ ಹೆಂಡತಿ, "ಇನ್ನೊಂದು ಹತ್ಲೇ ಇಲ್ವಲ್ರೀ" ಎಂದಳು.

"ಅದು ಹಾಗೇ ಇರೋದು."

"ಎರಡೂ ಕೈ ಬಿಟ್ರಲ್ಲ?"

"ನಿಂಗೆ ಅರ್ಥ ಆಗಲ್ಲ ಮಾರಾಯ್ತಿ, ಕುಂಕುಮ ಇಡು."

ಆಕೆಗೆ ಅರ್ಥವಾಗಿತ್ತು. ನನಗೂ ಆಗಿತ್ತು. ನಮ್ಮ ಸ್ಪರ್ಧೆಯಲ್ಲಿ ನಿಧಾನದ ಗಾಡಿಯೇ ಯಾವಾಗಲೂ ಮೊದಲು ಹೊರಡುತ್ತದೆ. ಅದು ತಪ್ಪಿದರೆ ಅದರ ಕೆಂಪು ಹತ್ತಿ ಪೆಟ್ಟಿಗೆಗೆ ಬೀಗ ಹಾಕಿದಂತಾಗುತ್ತದೆ. ಆಮೇಲೆ ವೇಗದ ಗಾಡಿ ಎಷ್ಟೇ ಮುಂಚೆ ಹಾರಿದರೂ ದೀಪ ಬೀಳುವುದಿಲ್ಲ. ಇಬ್ಬರೂ ತಪ್ಪಿದರೆ ಮರು ಓಟ ಎಂಬ ನಿಯಮ ಕಾಗದದಲ್ಲಿತ್ತು, ಆದರೆ ಇಬ್ಬರೂ ತಪ್ಪಿದ್ದನ್ನು ತೋರಿಸುವ ಶಕ್ತಿ ಪೆಟ್ಟಿಗೆಗೆ ಇರಲಿಲ್ಲ. "ನಮ್ಮಲ್ಲಿ ಇಬ್ರೂ ಒಟ್ಟಿಗೆ ಫೌಲ್ ಆಗಿದ್ದೇ ಇಲ್ಲ ನೋಡಿ, ಅಷ್ಟು ಶಿಸ್ತು" ಎಂದು ಅಧ್ಯಕ್ಷರು ಅತಿಥಿಗಳ ಮುಂದೆ ಹೆಮ್ಮೆಪಡುತ್ತಿದ್ದುದು ನೆನಪಾಗಿ ಕಿವಿ ಬಿಸಿಯಾಯಿತು. ಬಿಚ್ಚಿ ಸರಿಪಡಿಸಲು ಎರಡು ದಿನದ ಕೆಲಸ. ಹಬ್ಬ ಮುಗಿಯಲಿ ಎಂದುಕೊಂಡೆ. ಹಬ್ಬ ಮುಗಿಯಿತು, ದೀಪಾವಳಿ ಮುಗಿಯಿತು. ಸರಿಪಡಿಸಿದರೆ ಇದುವರೆಗೆ ಅದು ಸರಿಯಿರಲಿಲ್ಲವೆಂದು ಹೇಳಬೇಕಾಗುತ್ತದೆ ಎಂಬುದೇ ನಿಜವಾದ ಅಡ್ಡಿಯಾಗಿತ್ತು.

ಅದರ ಮುಂದಿನ ಬೇಸಿಗೆಯ ಸ್ಪರ್ಧೆಗೆ ಹಿಂದೆಂದೂ ಇಲ್ಲದ ಮಹತ್ವ ಬಂದಿತ್ತು. ಗೆದ್ದವರೊಬ್ಬರನ್ನು ಸಂಘದ ಪರವಾಗಿ ಹೊರ ಜಿಲ್ಲೆಯ ನಿಜವಾದ ಟ್ರ್ಯಾಕಿಗೆ, ರಾಜ್ಯ ಮಟ್ಟದ ಸ್ಪರ್ಧೆಗೆ ಕಳುಹಿಸುವುದೆಂದು ತೀರ್ಮಾನವಾಗಿತ್ತು. ಇದ್ದದ್ದು ಒಂದೇ ಸ್ಥಾನ.

ಅಂತಿಮ ಓಟಕ್ಕೆ ಬಂದವರಲ್ಲಿ ಒಬ್ಬಳು ಭದ್ರಾವತಿಯ ಹೆಣ್ಣುಮಗಳು. ಅವಳ ತಂದೆ ನನ್ನ ಜೊತೆ ಅದೇ ವಿಭಾಗದಲ್ಲಿದ್ದವರು, ಮನೆಯಲ್ಲಿ ತಮಿಳು ಮಾತನಾಡುವವರು. ನಿವೃತ್ತಿಯ ನಂತರ ಅವರು ಹಾಕಿದ ಸ್ಕೂಟರ್ ರಿಪೇರಿ ಅಂಗಡಿಯನ್ನು ಈಗ ಅವಳೇ ನಡೆಸುತ್ತಾಳೆ. ಚಿಕ್ಕಂದಿನಿಂದ ನನ್ನನ್ನು ಮಾಮಾ ಎಂದೇ ಕರೆಯುತ್ತಾಳೆ. ಸಂಘದಲ್ಲಿ ಇರುವ ಒಬ್ಬಳೇ ಹೆಣ್ಣು ಮೆಕ್ಯಾನಿಕ್. ಆ ಟ್ರ್ಯಾಕಿನ ಮೇಲೆ ಒಂದು ಸಲ ಗಾಡಿ ಓಡಿಸಬೇಕೆಂದು ಆರು ತಿಂಗಳಿಂದ ಸಂಜೆಯೆಲ್ಲ ಸ್ಕೂಟರ್ ಬಿಚ್ಚಿ ಜೋಡಿಸುತ್ತಿದ್ದಳು. ಎದುರಾಳಿ ಕುಂಸಿಯ ಕಡೆಯ ಯುವಕ, ಬಿಡಿಭಾಗಗಳ ಅಂಗಡಿಯವನು, ಒಳ್ಳೆಯ ತಮಾಷೆಯ ಮನುಷ್ಯ. ಗೆರೆಗೆ ತನ್ನ ಬೈಕ್ ತಂದು ನಿಲ್ಲಿಸಿ, ಅವಳ ಸ್ಕೂಟರ್ ನೋಡಿ ರೇಗಿಸಿದ.

"ಅಕ್ಕಾ, ಇದ್ರಲ್ಲಿ ಹಾಲು ಹಾಕೋಕೆ ಹೋಗ್ಬೇಕಾಗಿತ್ತು, ದಾರಿ ತಪ್ಪಿ ಇಲ್ಲಿಗೆ ಬಂದ್ರಾ?"

"ನಿಂಗೂ ಅರ್ಧ ಲೀಟರ್ ಹಾಕ್ತೀನಿ ಬಾರೋ, ಆ ಕಡೆ ತುದೀಲಿ ಕಾಯ್ತಿರ್ತೀನಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ನಾನು ಗೆರೆಯ ಪಕ್ಕದಲ್ಲಿ, ಛತ್ರಿಯ ಅಡಿಯಲ್ಲಿ, ಮೇಜಿನ ಮೇಲೆ ಪೆಟ್ಟಿಗೆ ಇಟ್ಟುಕೊಂಡು ಕುಳಿತಿದ್ದೆ.

ಹಳದಿ ಬಂತು. ಅವಳ ಸ್ಕೂಟರ್ ಹಸಿರಿಗೆ ರೆಪ್ಪೆ ಬಡಿಯುವಷ್ಟು ಮೊದಲೇ ಹಲಗೆಯಿಂದ ಇಳಿಯಿತು. ಅವಳ ಕಡೆಯ ಕೆಂಪು ಹತ್ತಿತು. ಅವಳು ನಿಲ್ಲಿಸದೆ ಹೋದಳು. ನಮ್ಮ ನಿಯಮದಂತೆ ಎದುರಾಳಿಯೂ ತಪ್ಪಬಹುದಾದ್ದರಿಂದ ಯಾರೂ ನಿಲ್ಲಿಸುವುದಿಲ್ಲ. ಬೈಕಿನವನು ಇನ್ನೂ ಐದು ಸೆಕೆಂಡ್ ಕಾಯಬೇಕಿತ್ತು. ಅವನು ಮೂರು ಸೆಕೆಂಡೂ ಕಾಯಲಿಲ್ಲ. ಅವನ ಮುಂದಿನ ಚಕ್ರ ನನ್ನ ಕಾಲಿನಿಂದ ನಾಲ್ಕು ಅಡಿ ದೂರದಲ್ಲಿತ್ತು. ಅವನ ದೀಪ ಹಳದಿಯಲ್ಲಿ ಇರುವಾಗಲೇ ಆ ಚಕ್ರ ಉರುಳಿಹೋದದ್ದನ್ನು ನಾನು ಕಣ್ಣಾರೆ ಕಂಡೆ. ಅವನ ಕೆಂಪು ಹತ್ತಲಿಲ್ಲ.

ಸ್ಕೂಟರ್ ತಿರುಗಿಸಿಕೊಂಡು ಬಂದವಳು ಹೆಲ್ಮೆಟ್ ತೆಗೆಯುತ್ತಲೇ ಕೇಳಿದಳು. "ಮಾಮಾ, ನಂದು ಕೆಂಪು ಬಿತ್ತು, ಒಪ್ಕೊಂಡೆ. ಹಿಂದೆ ಸೌಂಡ್ ಬಂದಾಗ ಮನಸ್ಸಲ್ಲಿ ಎಣಿಸ್ತಿದ್ದೆ, ಅವ್ನು ಬಹಳ ಬೇಗ ಬಿಟ್ಟ. ಇಬ್ರದೂ ಫೌಲ್ ಅಲ್ವಾ? ಮತ್ತೆ ಓಡಿಸ್ಬೇಕಲ್ವಾ?"

ಅಧ್ಯಕ್ಷರು ನನ್ನ ಕಡೆ ತಿರುಗಿದರು. "ಏನ್ ಸಾರ್, ಅವ್ನದೂ ಬಿತ್ತಾ?"

"ಒಂದೇ ಬಿದ್ದಿರೋದು" ಎಂದೆ. ಇದು ಸುಳ್ಳಲ್ಲ ಎಂದು ಆಗ ನನಗೆ ನಾನೇ ಹೇಳಿಕೊಂಡದ್ದು ನೆನಪಿದೆ.

"ದೀಪ ಬಿಡಿ ಮಾಮಾ. ನೀವು ಪಕ್ಕದಲ್ಲೇ ಕೂತಿದ್ರಲ್ಲ, ನೀವು ನೋಡಿದ್ದು ಹೇಳಿ."

"ಕಣ್ಣಿಂದ ತೀರ್ಪು ಕೊಡೋ ಹಾಗಿಲ್ಲ ಕಣಮ್ಮಾ. ಅದಕ್ಕೇ ತಾನೆ ಪೆಟ್ಟಿಗೆ ಇರೋದು. ರೂಲ್ಸ್ ಎಲ್ಲರಿಗೂ ಒಂದೇ."

ಅಧ್ಯಕ್ಷರು ಮೈಕ್ ಕೊಟ್ಟರು. ಅದೇ ಮಾತನ್ನು ಇನ್ನೂ ಗಂಭೀರವಾಗಿ ಮೈಕಿನಲ್ಲಿ ಹೇಳಿದೆ. ಚಪ್ಪಾಳೆ ಬಿತ್ತು. ಅವಳು ಹೆಡ್‌ಲೈಟಿನ ಮೇಲಿನ ಇಪ್ಪತ್ತೆರಡನ್ನು ಅಂಗೈಯಿಂದ ಒರೆಸಿ, ಗಾಡಿ ತಳ್ಳಿಕೊಂಡು ಹೊರಟಳು. ಸ್ಟಾರ್ಟ್ ಮಾಡಲಿಲ್ಲ.

ನಂತರ ಊಟದ ಪೆಂಡಾಲಿನಲ್ಲಿ ಗೆದ್ದ ಯುವಕ ನನ್ನ ಪಕ್ಕಕ್ಕೆ ಎಲೆ ಹಾಕಿಸಿಕೊಂಡು ಕುಳಿತು, ತಗ್ಗಿದ ದನಿಯಲ್ಲಿ ಮಾತನಾಡಿದ. "ಸಾರ್, ಕಾಯೋದು ಸುಲಭ ಅಂತ ಎಲ್ಲ ಅನ್ಕೋತಾರೆ. ಅಕ್ಕನ ಗಾಡಿ ದೂರ ಹೋಗ್ತಾ ಇರುತ್ತೆ, ನಾವು ಕೈ ಕಟ್ಟಿ ನಿಂತಂಗೆ ನಿಂತಿರ್ಬೇಕು. ಕೈ ತಾನಾಗೇ ತಿರುಗ್ಬಿಡ್ತು. ಕೆಂಪು ಬೀಳುತ್ತೆ ಅಂತ್ಲೇ ಅನ್ಕೊಂಡಿದ್ದೆ. ಬೀಳ್ಲಿಲ್ಲ. ಹೆಂಗೆ ಸಾರ್?"

"ಊಟ ಮಾಡಪ್ಪಾ" ಎಂದೆ.

ಅವನು ಹೇಳಿದ್ದು ನಿಜವೇ. ಮೊದಲು ಹೊರಡುವವರ ಕಷ್ಟ ಒಂದು, ಕಾಯುವವರ ಕಷ್ಟ ಇನ್ನೊಂದು. ಆ ಕಾರಣಕ್ಕಾಗಿಯೇ ಇಬ್ಬರ ತಪ್ಪನ್ನೂ ಎಣಿಸಬೇಕು. ಕಾಯುವವನಿಗೆ ಎದುರಾಳಿಯ ಕೆಂಪು ಕಾಣುತ್ತದೆ, ಮೊದಲು ಹೊರಡುವವಳಿಗೆ ಕಾಣಲು ಏನೂ ಇರುವುದಿಲ್ಲ. ಅವಳ ತಪ್ಪು ಅವನ ತಪ್ಪನ್ನು ಮುಚ್ಚಿಬಿಡುವುದಾದರೆ ಅದು ಎಲ್ಲರಿಗೂ ಒಂದೇ ಆದ ನಿಯಮವಲ್ಲ. ಇಷ್ಟನ್ನು ನಾನು ಆ ದಿನ ಮೈಕಿನಲ್ಲಿ ಹೇಳಬಹುದಿತ್ತು.

ಯುವಕ ರಾಜ್ಯ ಮಟ್ಟಕ್ಕೆ ಹೋಗಿ ಮೊದಲ ಸುತ್ತಿನಲ್ಲೇ ಸೋತು ಬಂದ. ಆ ಹೆಣ್ಣುಮಗಳು ಮರುವರ್ಷ ಹೆಸರು ಕೊಡಲಿಲ್ಲ.

ಅವಳಿಗೆ ಹೇಳಿಬಿಡಬೇಕೆಂದು ನಾನು ಭದ್ರಾವತಿಗೆ ಮೂರು ಸಲ ಹೋದೆ. ಮೊದಲ ಸಲ ಬ್ರೇಕ್ ಬಿಗಿ ಮಾಡಿಸಿಕೊಂಡು ಬಂದೆ. ಎರಡನೆಯ ಸಲ ಪ್ಲಗ್ ಹಾಕಿಸಿಕೊಂಡು ಬಂದೆ. ಮೂರನೆಯ ಸಲವೂ ಪ್ಲಗ್ ಎಂದಾಗ ಅವಳು ನನ್ನ ಮುಖ ನೋಡಿ, "ಹೋದ್ವಾರ ತಾನೆ ಹಾಕಿದ್ದು ಮಾಮಾ? ಗಾಡಿಗೇನೂ ಆಗಿಲ್ಲ. ನಿಮಗೇನಾಗಿದೆ?" ಎಂದಳು. ಬಿಸಿಲು ಜಾಸ್ತಿ ಎಂದು ಹೇಳಿ ಹೊರಟುಬಂದೆ.

ಕಳೆದ ತಿಂಗಳು ಭದ್ರಾವತಿಯಲ್ಲಿ ಸಂಘದ ಸಭೆ ನಡೆಯಿತು. ಹೊಸ ಪೆಟ್ಟಿಗೆ ಮಾಡಿಸುವ ವಿಷಯ ಚರ್ಚೆಗೆ ಬರುವುದರಲ್ಲಿತ್ತು. ಇದೇ ತಕ್ಕ ಸಂದರ್ಭವೆಂದು ನಾನು ಒಂದು ಪುಟ ಬರೆದುಕೊಂಡು ಹೋಗಿ ಓದಿದೆ: "ಸದರಿ ಪೆಟ್ಟಿಗೆಯಲ್ಲಿ ಎರಡನೆಯ ಕೆಂಪು ದೀಪಕ್ಕೆ ಸಂಬಂಧಿಸಿದಂತೆ ತಾಂತ್ರಿಕ ದೋಷವಿರುವುದು ಇತ್ತೀಚೆಗೆ ಕಂಡುಬಂದಿರುತ್ತದೆ. ಆದ್ದರಿಂದ ಇನ್ನು ಮುಂದೆ ಎರಡೂ ದೀಪಗಳು ಬೇರೆ ಬೇರೆಯಾಗಿ ಕೆಲಸ ಮಾಡುವಂತೆಯೂ, ಇಬ್ಬರೂ ತಪ್ಪಿದಲ್ಲಿ ಮರು ಓಟ ನಡೆಸುವಂತೆಯೂ ಕ್ರಮ ವಹಿಸುವುದು ಸೂಕ್ತ." ಓದಿ ಮುಗಿಸಿದಾಗ ನನಗೆ ಹಗುರವೆನಿಸಿತು ಎಂಬುದನ್ನು ನಾಚಿಕೆಯಿಂದ ದಾಖಲಿಸುತ್ತೇನೆ.

ಹಿಂದಿನ ಸಾಲಿನಿಂದ ಅವಳು ಎದ್ದು ನಿಂತಳು. ಅವಳು ಬಂದಿರುವುದನ್ನು ನಾನು ನೋಡಿರಲಿಲ್ಲ.

"ಇತ್ತೀಚೆಗೆ ಅಂದ್ರೆ ಯಾವಾಗ ಮಾಮಾ?"

ಅಧ್ಯಕ್ಷರು ಕೈ ಆಡಿಸಿದರು. "ಬಿಡಮ್ಮಾ, ಆಗಿದ್ದಾಯ್ತು. ಈಗ ಹೊಸದು ಬರುತ್ತಲ್ಲ."

"ನಾನು ಕಪ್ ಕೇಳ್ತಿಲ್ಲ ಸಾರ್. ತಾರೀಕು ಕೇಳ್ತಿದೀನಿ. ನಾನು ಓಡಿಸೋಕೆ ಮುಂಚೆ ಗೊತ್ತಾಯ್ತಾ, ಆಮೇಲೆ ಗೊತ್ತಾಯ್ತಾ?"

ಕುಂಸಿಯ ಯುವಕ ತಲೆ ತಗ್ಗಿಸಿದ. ನಾನು ಕಾಗದವನ್ನು ಮಡಿಸಿ, "ಕಡತ ನೋಡಿ ತಿಳಿಸ್ತೀನಮ್ಮಾ" ಎಂದೆ. ನೋಡಲು ಯಾವ ಕಡತವೂ ಇಲ್ಲ. ಅವಳು "ಸರಿ, ತಿಳಿಸಿ. ಎಲ್ಲರ ಮುಂದೆ ಹೇಳಿದ್ರಿ, ಎಲ್ಲರ ಮುಂದೆನೇ ತಿಳಿಸಿ" ಎಂದು ಕುಳಿತಳು. ಸಭೆ ಮುಗಿದು ಚಹಾ ಕೊಡುವಾಗ ಎಲ್ಲರಿಗೂ ಲೋಟ ದಾಟಿಸುತ್ತ ನನಗೂ ಒಂದು ದಾಟಿಸಿದಳು. ಅದನ್ನು ಕುಡಿಯಲು ನನ್ನಿಂದ ಆಗಲಿಲ್ಲ.

ಸ್ಮರಣ ಸಂಚಿಕೆ ಸಂಘದ ಎಲ್ಲ ಸದಸ್ಯರ ಅಂಗಡಿಗೂ ಹೋಗುತ್ತದೆಂದು ಅಧ್ಯಕ್ಷರು ತಿಳಿಸಿದ್ದಾರೆ. ಎಲ್ಲರ ಮುಂದೆ ಎಂದರೆ ನನಗೆ ತಿಳಿದಿರುವ ಮಾರ್ಗ ಇದೊಂದೇ. ಆದ್ದರಿಂದ ಆ ಹೆಣ್ಣುಮಗಳು ಕೇಳಿದ ಪ್ರಶ್ನೆಗೆ ಈ ಮೂಲಕ ಉತ್ತರ ಸಲ್ಲಿಸುತ್ತಿದ್ದೇನೆ. ನೀನು ಓಡಿಸುವುದಕ್ಕೆ ಮುಂಚೆಯೇ ನನಗೆ ಗೊತ್ತಿತ್ತಮ್ಮಾ. ಆರು ತಿಂಗಳು ಮುಂಚೆ ಗೊತ್ತಿತ್ತು. ನೀನು ಗೆರೆಯಲ್ಲಿ ನಿಂತು ಕೇಳಿದಾಗ, ಅವನ ಚಕ್ರ ಹೊರಟದ್ದನ್ನೂ ನಾನು ನೋಡಿದ್ದೆ. ನಿನಗೆ ಮರು ಓಟ ಸಿಗಬೇಕಾಗಿತ್ತು. ಸಿಕ್ಕಿದ್ದರೆ ನೀನು ಗೆಲ್ಲುತ್ತಿದ್ದೆಯೋ ಇಲ್ಲವೋ ಹೇಳಲಾರೆ. ಅದನ್ನು ತಿಳಿಯುವ ಅವಕಾಶವನ್ನೇ ನಾನು ತೆಗೆದುಬಿಟ್ಟೆ. ಆ ಟ್ರ್ಯಾಕಿನ ಸ್ಥಾನವನ್ನು ಹಿಂದಿರುಗಿಸುವುದು ನನ್ನ ಕೈಯಲ್ಲಿಲ್ಲ. ಹೊಸ ಪೆಟ್ಟಿಗೆಯನ್ನು ನಾನು ಮಾಡುವುದಿಲ್ಲ, ಗೆರೆಯ ಪಕ್ಕದಲ್ಲಿ ನಾನು ಕೂರುವುದೂ ಇಲ್ಲ ಎಂದು ಅಧ್ಯಕ್ಷರಿಗೆ ಪ್ರತ್ಯೇಕವಾಗಿ ಬರೆದುಕೊಟ್ಟಿದ್ದೇನೆ.

ಸಂಪಾದಕರಲ್ಲಿ ಒಂದು ಕೋರಿಕೆ. ಕಾಗುಣಿತ ತಿದ್ದಿ, ವಾಕ್ಯ ಜೋಡಿಸಿ, ಉದ್ದವಾಯಿತೆನಿಸಿದ ಕಡೆ ಕತ್ತರಿಸಿ. ಹಿಂದಿನ ಪ್ಯಾರಾವನ್ನು ಮಾತ್ರ ಇದ್ದಂತೆಯೇ ಬಿಡಿ. ಓದುವವರಲ್ಲಿಯೂ ಕೋರುವುದೇನೆಂದರೆ, ಆ ದಿನ ಅಲ್ಲಿದ್ದವರು ನಾನು ಬರೆದುದರಲ್ಲಿ ಎಲ್ಲಾದರೂ ನನಗೆ ಅನುಕೂಲವಾಗುವಂತೆ ತಿರುಚಿದ್ದೇನೆಂದು ಕಂಡರೆ, ಅಥವಾ ಅಕ್ಷರಗಳಲ್ಲಿ ತಪ್ಪು ಕಂಡರೆ, ದಯವಿಟ್ಟು ಪೆನ್ನು ತೆಗೆದುಕೊಂಡು ಅಂಚಿನಲ್ಲಿ ತಿದ್ದಿರಿ.