ಎರೆಹೊಲದ ಕುದುರೆ

ಮೇಜಿನ ಮೇಲೆ ದಾಳ ಉರುಳಿಸಿ ಆಡುವ ಯುದ್ಧದಾಟಕ್ಕೆ ನಿಯಮ ಬರೆಯತೊಡಗಿ, ಬೇಸತ್ತು ಅರ್ಧಕ್ಕೇ ಬಿಟ್ಟಿದ್ದೆ. ಓದಲು ಕೊಟ್ಟ ಪ್ರತಿಯನ್ನು ಮರಳಿ ತರಲು ಬೆಟಗೇರಿಯ ದರ್ಜಿ ಇಮಾಮಸಾಬರ ಅಂಗಡಿಗೆ ಹೋದಾಗ, ಅವರು ಅಂತೂರ ಬೆಂತೂರದ ರೈತ ಬಸಪ್ಪನವರೊಡನೆ ಅದನ್ನೇ ಆಡುತ್ತಿದ್ದರು. ಹಲಗೆಯ ಮೇಲೆ ಎರೆಹೊಲದ ಕಪ್ಪುಮಣ್ಣಿನ ಮನೆಯಲ್ಲಿದ್ದ ಕುದುರೆಯನ್ನು ಇನ್ನೊಂದು ಮನೆ ನಡೆಸಿದರೆ ಕೋಟೆ ಬಸಪ್ಪನವರದು. ಅವರು ಕೈಕಟ್ಟಿ ಕುಳಿತರು.

“ನಡಸಲೇ ಬಸಪ್ಪಾ, ಗೆದ್ದಿ! ನಿಯಮದಾಗ ಅಡ್ಡಿ ಇಲ್ಲ,” ಎಂದರು ಇಮಾಮಸಾಬರು.

“ಈಗಷ್ಟ ದಾಳದಾಗ ಮಳಿ ಬಿದ್ದೈತಿ. ಹಸಿ ಎರಿಹೊಲದಾಗ ಕುದರಿ ಓಡತೈತೇನಲೇ? ನಿಯಮ ಬರದಾವ ಹೊಲಾನ ತುಳದಿಲ್ಲ!”

ಇಮಾಮಸಾಬರು ನನ್ನತ್ತ ನೋಡಿ ಕೆಮ್ಮಿದರು. ಬರೆದವಳು ನಾನೆಂದು ನಾನೂ ಹೇಳಲಿಲ್ಲ.

ಬಸಪ್ಪನವರು ಕುದುರೆ ನಡೆಸದೆ ಸೋತರು. ಆಟವನ್ನು ಇಷ್ಟು ನಂಬಿದವರನ್ನು ಕಂಡ ಮೇಲೆ ಬಿಡುವುದು ಸಲ್ಲದೆಂದು, ಮನೆಗೆ ಬಂದು ಕೆಸರಿನ ನಿಯಮ ಬರೆದೆ, ಉಳಿದರ್ಧವನ್ನೂ ಮುಗಿಸಿದೆ.

ಮರುವಾರ ಬಸಪ್ಪನವರೆದುರು ಆಡಿ, ಆ ಕೆಸರಿನ ನಿಯಮದಿಂದಲೇ ಸೋತೆ. ತಿದ್ದುಪಡಿಯ ಆಲೋಚನೆ ಬಂದದ್ದು ನಿಜ, ಜಾರಿಗೆ ತರಲಿಲ್ಲ.