ಸ್ಟೇಷನ್ ಇಲ್ಲದ ರೇಡಿಯೋ

ಹೋದ ತಿಂಗಳು ಲಂಡನ್ನಿನ ಕೊಲಿಂಡೇಲಿನ ನಮ್ಮ ಫ್ಲ್ಯಾಟಿನಲ್ಲಿ ಮೀನಿನ ವಾಸನೆ ಬರತೊಡಗಿತು. ನಮ್ಮದು ಬೆಳ್ಳುಳ್ಳಿಯೇ ಸಾಹಸವೆನಿಸಿಕೊಳ್ಳುವ ಅಡುಗೆಮನೆ. ಮೊದಲು ಕೆಳಮನೆಯವರನ್ನು ಅನುಮಾನಿಸಿದೆ, ಆಮೇಲೆ ಸಿಂಕಿನ ಪೈಪನ್ನು, ಕೊನೆಗೆ ನನ್ನ ಮೂಗನ್ನೇ. ಇಲ್ಲದ ವಾಸನೆ ಬರುವುದು ಯಾವ ಕಾಯಿಲೆಯ ಲಕ್ಷಣವೆಂದು ಹುಡುಕಿ, ಜಿಪಿ ಡಾಕ್ಟರಿಗೆ ಫೋನ್ ಮಾಡುವ ಹಂತಕ್ಕೆ ಬಂದಿದ್ದೆ. ಮಗಳು ಸೋಫಾದಿಂದ ತಲೆಯೆತ್ತದೆ, "ಡ್ಯಾಡ್, ಇಟ್ಸ್ ಯುವರ್ ಆಂಪ್ಲಿಫೈಯರ್," ಎಂದಳು. ಟಿವಿಯ ಕೆಳಗೆ ಬಗ್ಗಿ ಮೂಸಿದೆ. ಹೌದು. ವಾಸನೆಯ ಜೊತೆಗೆ ಸಣ್ಣದೊಂದು ಗುಂಯ್ ಎನ್ನುವ ಸದ್ದು... ಅದನ್ನು ಕೇಳಿದ್ದೇ ಹಳೆಯ ಮಾತೊಂದು ನೆನಪಾಯಿತು.

"ಮೀನಿನ ನಾತ ಬಂತಂದ್ರ ಕೆಪಾಸಿಟರ್ ಸೋರ್ಲಿಕ್ಕತ್ತದ ಅಂತ ತಿಳ್ಕೊ, ತಮ್ಮಾ."

ವರ್ಷಗಳ ಹಿಂದೆ ಹಾಗೆ ಹೇಳಿದವರು ಕೆಂಟನ್ ಬಡಾವಣೆಯ ಕಾಕಾ. ನಾನು ಲಂಡನ್ನಿಗೆ ಬಂದ ಹೊಸದರಲ್ಲಿ ಬಾಡಿಗೆಗೆ ಹಿಡಿದಿದ್ದ ಕೋಣೆಯ ಪಕ್ಕದ ಮನೆ ಅವರದು. ಧಾರವಾಡದವರು, ಇಲ್ಲಿ ಆಸ್ಪತ್ರೆಯ ಯಂತ್ರಗಳನ್ನು ನೋಡಿಕೊಳ್ಳುವ ಇಂಜಿನಿಯರಾಗಿದ್ದು ನಿವೃತ್ತರಾಗಿದ್ದರು. ಅವರ ಹೆಂಡತಿ, ಕಾಕು, ತೀರಿಕೊಂಡದ್ದು ನಾನು ಬರುವ ಮೊದಲೇ. ಅವರ ಊಟದ ಮೇಜಿನ ಮೇಲೆ ಊಟಕ್ಕೊಂದು ಬಿಟ್ಟು ಮಿಕ್ಕ ಎಲ್ಲಕ್ಕೂ ಜಾಗವಿತ್ತು: ಬೆಸುಗೆಯ ಕಡ್ಡಿ, ತಂತಿಯ ಸಿಂಬೆ, ಅಲೆಗಳನ್ನು ತೋರಿಸುವ ಹಸಿರು ಪರದೆಯ ಆಸಿಲೋಸ್ಕೋಪು.

ಆ ಪರದೆಯ ಮುಂದೆ ಕೂರಿಸಿಕೊಂಡು ಕಾಕಾ ನನಗೆ ಪಾಠ ಮಾಡಿದ್ದರು. ಗೋಡೆಯಿಂದ ಬರುವ ಕರೆಂಟು ಮೇಲಕ್ಕೂ ಕೆಳಕ್ಕೂ ತೂಗಾಡುವ ಅಲೆ. ಡಯೋಡು ಅದನ್ನು ಒಂದೇ ದಿಕ್ಕಿಗೆ ಬಿಡುತ್ತದೆ. ನಾಲ್ಕು ಡಯೋಡು ಕೂಡಿಸಿದರೆ ಕೆಳಗಿನ ಅರ್ಧವೂ ಮೇಲಕ್ಕೆ ಮಗುಚಿಕೊಂಡು ಪರದೆಯ ತುಂಬ ಸಾಲುಗುಡ್ಡ. ಗುಡ್ಡಗಳ ನಡುವಿನ ತಗ್ಗನ್ನು ತುಂಬುವುದು ಕೆಪಾಸಿಟರು. ಅಲೆ ಏರುವಾಗ ಕೂಡಿಟ್ಟುಕೊಂಡು, ಇಳಿಯುವಾಗ ಬಿಟ್ಟುಕೊಡುತ್ತದೆ. ಅದಕ್ಕೆ ವಯಸ್ಸಾಗಿ ಒಳಗೆ ಒಣಗಿತೋ, ತಗ್ಗು ತುಂಬುವುದಿಲ್ಲ. ಆ ಏರಿಳಿತವೇ ಸ್ಪೀಕರಿನಲ್ಲಿ ಗುಂಯ್ ಎನ್ನುತ್ತದೆ.

ಪಾಠಕ್ಕೆ ಕಾರಣವಿತ್ತು. ಅಡುಗೆಮನೆಯಲ್ಲಿ ಕಾಕು ಹಾಡಿದ್ದ ಒಂದೇ ಒಂದು ಕ್ಯಾಸೆಟ್ ಉಳಿದಿತ್ತು, ಅದರ ತುಂಬ ಈ ಗುಂಯ್. ಕಾಕಾನ ಕಿವಿ ಮಂದವಾಗುತ್ತ ಬಂದಿತ್ತು. "ಕಿವಿ ಪೂರಾ ಹೋಗೂದ್ರೊಳಗ ಆಕಿ ದನಿ ಒಮ್ಮೆ ಸ್ವಚ್ಛ ಕೇಳಬೇಕು," ಎನ್ನುತ್ತಿದ್ದರು. ತಪ್ಪು ಟೇಪ್ ರೆಕಾರ್ಡರಿನದೇ ಎಂದು ಅವರಿಗೆ ಖಾತ್ರಿ. ಕೈ ನಡುಗುತ್ತಿದ್ದುದರಿಂದ ಬೆಸುಗೆ ನನ್ನ ಪಾಲಿಗೆ ಬಂತು. ಕರೆಂಟು ಎದೆಯ ಮೂಲಕ ಹಾಯದಿರಲೆಂದು ಎಡಗೈ ಜೇಬಿನಲ್ಲಿರಬೇಕು ಎಂಬುದು ಅವರ ನಿಯಮ. ನಾನು ಎರಡೂ ಕೈ ಜೇಬಿನಲ್ಲಿಟ್ಟು ನಿಂತೆ.

"ಹಂಗಾದ್ರ ಬೆಸುಗಿ ನಿಮ್ಮಜ್ಜ ಬಂದು ಹಾಕ್ತಾನೇನು?"

ಹೊಸ ಕೆಪಾಸಿಟರುಗಳು ಕೂತವು. ಪರದೆಯ ಮೇಲೆ ಗೆರೆ ನೇರವಾಯಿತು. ಕ್ಯಾಸೆಟ್ ಹಾಕಿದರೆ ಅದೇ ಗುಂಯ್! ಅಂದರೆ ಸದ್ದು ಟೇಪಿನೊಳಗೇ ಇತ್ತು. ಕಾಕು ಹಾಡಿದ ದಿನ ಆ ಅಡುಗೆಮನೆಯಲ್ಲೇ ಇತ್ತು.

ಕಾಕಾ ಬಿಡುವವರಲ್ಲ. ಆ ಒಂದು ಸದ್ದನ್ನಷ್ಟೇ ಹಿಡಿದು ನಿಲ್ಲಿಸುವ ಸಣ್ಣ ಪೆಟ್ಟಿಗೆಯೊಂದನ್ನು ನನ್ನ ಕೈಯಲ್ಲಿ ಕಟ್ಟಿಸಿದರು. ಒಂದು ಭಾನುವಾರ ಗುಂಯ್ ಅಳಿಸಿಹೋಗಿ, ಕಾಕುವಿನ ದನಿ ಒಂಟಿಯಾಗಿ ಹೊರಬಂತು. ಕಾಕಾ ಮೊದಲು ನಕ್ಕರು. ಆಮೇಲೆ ಎದ್ದುಹೋಗಿ ಹಾರ್ಮೋನಿಯಂನ ಒಂದು ಮನೆ ಒತ್ತಿದರು, ಅದರ ಪಕ್ಕದ್ದನ್ನೂ ಒತ್ತಿದರು. ಕಾಕುವಿನ ಷಡ್ಜ ಇತ್ತಲೂ ಇರಲಿಲ್ಲ, ಅತ್ತಲೂ ಇರಲಿಲ್ಲ. ಎರಡರ ನಡುವೆ ಎಲ್ಲೋ ನಿಂತಿತ್ತು. ಪೆಟ್ಟಿಗೆ ಕಳಚಿ ಮತ್ತೆ ಕೇಳಿಸಿದರು. ಗುಂಯ್ ಮರಳಿತು, ದನಿ ಅದನ್ನೇ ಶ್ರುತಿ ಮಾಡಿಕೊಂಡು ಅದರ ಮೇಲೆ ಹಗುರವಾಗಿ ಕೂತಿತು.

ಕಾಕಾ ಅಡುಗೆಮನೆಯ ಕಪಾಟಿನ ಮೇಲಿದ್ದ ಹಳೆಯ ರೇಡಿಯೋವನ್ನೇ ನೋಡುತ್ತ ನಿಂತರು. ಊರಿಂದ ಬರುವಾಗ ಕಾಕುವಿನ ತಂಬೂರಿಯ ಬುರುಡೆ ಒಡೆದಿತ್ತಂತೆ. ಆಮೇಲೆ ಹಾಡುವಾಗೆಲ್ಲ ಅವರು ಆ ರೇಡಿಯೋ ಹಚ್ಚಿಡುತ್ತಿದ್ದರಂತೆ, ಯಾವ ಸ್ಟೇಷನ್ನೂ ಇಲ್ಲದೆ.

"ಸುಮ್ನ ಗುಂಯ್ ಅಂತದ, ಬಂದ್ ಮಾಡು ಅಂತ ಎಷ್ಟು ಬೈದೇನಿ... ಆಕಿ ಹುಟ್ಟಿದ ದಿನಕ್ಕ ನಾನಽ ಕೂತು ಕೆಪಾಸಿಟರ್ ಬದಲಿ ಮಾಡಿದೆ. ಮಸ್ತ್ ಶಾಂತ ಆತು. ಆಮ್ಯಾಲೆ ಆಕಿ ಹಾಡಲಿಲ್ಲ. ವಯಸ್ಸಾತು ಅಂತ ತಿಳ್ಕೊಂಡೆ ನಾ."

ಕಾಕು ಯಾಕೆ ಹೇಳಲಿಲ್ಲವೋ... ಗಂಡ ಪ್ರೀತಿಯಿಂದ ಕೊಟ್ಟದ್ದನ್ನು ಬೇಡವೆನ್ನುವುದು ಹೇಗೆ ಎಂದಿರಬಹುದು. ನಾನು ಸಮಾಧಾನ ಹೇಳಲೆಂದು ಬಾಯಿ ತೆರೆದು, "ಕಾಕಾ, ಟೀ ಮಾಡ್ಲಾ?" ಎಂದೆ.

ಮುಂದಿನ ವಾರ ಹೋದಾಗ, ರೇಡಿಯೋದಿಂದ ಆಗ ತೆಗೆದಿಟ್ಟಿದ್ದ ಆ ಹಳೆಯ ಕೆಪಾಸಿಟರು ಬಿಸ್ಕತ್ತಿನ ಡಬ್ಬದಿಂದ ಹೊರಬಂದಿತ್ತು. ಅದನ್ನು ರೇಡಿಯೋಕ್ಕೆ ಮತ್ತೆ ಹಾಕಬೇಕಂತೆ. "ಸಿಡಿದ್ರೆ ಕಾಕಾ?" ಎಂದೆ. "ಸಿಡೀಲಿ ಬಿಡು." ಎಡಗೈ ಜೇಬಿನಲ್ಲಿಟ್ಟು, ಕಣ್ಣು ಅರ್ಧ ಮುಚ್ಚಿಕೊಂಡು ಬೆಸುಗೆ ಹಾಕಿದೆ. ರೇಡಿಯೋ ಗುಂಯ್ ಎಂದಿತು.

ಕಿವಿ ಅವರಿಗಾಗಿ ಕಾಯಲಿಲ್ಲ. ಮೊದಲು ಕ್ಯಾಸೆಟ್ಟಿನ ದನಿ ಹೋಯಿತು, ಆಮೇಲೆ ನಮ್ಮೆಲ್ಲರದ್ದೂ. ಕೊನೆಯ ಸಲ ನೋಡಿದಾಗ ಆ ರೇಡಿಯೋದ ಮೇಲೆ ಅಂಗೈಯಿಟ್ಟು, ಅದುರುವುದನ್ನು ಕೈಯಿಂದಲೇ ಕೇಳುತ್ತ ಕೂತಿದ್ದರು. ನಾನು ಏನೋ ಹೇಳಹೋದೆ. ಸುಮ್ಮನಿರು ಎಂದು ಬೆರಳೆತ್ತಿದರು.

"ಶ್ರುತಿ ಹಿಡದದ. ಈಗ ಸುರು ಮಾಡ್ತಾಳ."

ಕಾಕಾ ಹೋಗಿ ವರ್ಷಗಳಾದವು. ಮನೆ ಬೇರೆಯವರದಾಗಿದೆ, ಕ್ಯಾಸೆಟ್ ಏನಾಯಿತೋ, ಕೇಳುವ ಧೈರ್ಯ ನನಗಾಗಲಿಲ್ಲ.

ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ರೈಲು ನಿಲ್ದಾಣದಿಂದ ಮನೆಗೆ ಓಡಿಬರುವ ಮನುಷ್ಯ ನಾನು. ಅಂಥವನು ಅವತ್ತು, ಸೋರುತ್ತಿದ್ದ ಆ ಆಂಪ್ಲಿಫೈಯರಿನ ಮೇಲೆ ಅಂಗೈಯಿಟ್ಟು ನೆಲದ ಮೇಲೆ ಕೂತುಬಿಟ್ಟೆ. ಮಗಳು ಒಂದು ಸಲ ನೋಡಿ, ಮತ್ತೆ ಫೋನಿಗೆ ಮರಳಿದಳು. ಕಾದೆ... ಆಮೇಲೆ ಎದ್ದು ಪ್ಲಗ್ ಕಿತ್ತೆ. ಗುಂಯ್ ನಿಂತಿತು.

ಅಡುಗೆಮನೆಯಲ್ಲಿ ಫ್ರಿಜ್ಜು ಅದೇ ಷಡ್ಜ ಹಿಡಿದಿತ್ತು. ಹಾಡುವವರು ಇರಲಿಲ್ಲ.